ಬೆಟ್ಟಕ್ಕೂ ಒಂದು ಲೆಕ್ಕ ಬೇಕು: ಸಾಮೂಹಿಕ ಪ್ರವಾಸ ಮತ್ತು ಅದರ ಪರ್ಯಾಯಗಳು

ಉದಕಮಂಡಲಕ್ಕೆ ವಾರದ ದಿನಗಳಲ್ಲಿ 6,000 ವಾಹನಗಳು, ವಾರಾಂತ್ಯದಲ್ಲಿ 8,000 ವಾಹನಗಳು. ಕೊಡೈಕನಾಲ್‌ಗೆ ಕ್ರಮವಾಗಿ 4,000 ಮತ್ತು 6,000. ಇದಕ್ಕಿಂತ ಹೆಚ್ಚು ವಾಹನಗಳನ್ನು ಬೆಟ್ಟ ಹತ್ತಲು ಬಿಡಬಾರದೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2025ರ ಮಾರ್ಚ್ ತಿಂಗಳಲ್ಲಿ ಆದೇಶಿಸಿತು. ಏಪ್ರಿಲ್ 1ರಿಂದ ಬೇಸಿಗೆಯ ಅವಧಿಗೆ ಈ ಮಿತಿ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ವರ್ಷ, 2024ರ ಮೇ 7ರಿಂದ, ಈ ಎರಡೂ ಗಿರಿಧಾಮಗಳಿಗೆ ತೆರಳುವ ವಾಹನಗಳು ಇ-ಪಾಸ್ ಪಡೆಯುವುದನ್ನು ಅದೇ ನ್ಯಾಯಾಲಯ ಕಡ್ಡಾಯಗೊಳಿಸಿತ್ತು. ಆದರೆ ಕೇಳಿದವರಿಗೆಲ್ಲ ಪಾಸ್ ದೊರೆಯುತ್ತಿದ್ದುದರಿಂದ ಎಣಿಕೆ ನಡೆಯಿತೇ ಹೊರತು ದಟ್ಟಣೆ ತಗ್ಗಲಿಲ್ಲ. ಈಗ ಎಣಿಕೆಗೆ ಒಂದು ಕೊನೆಯ ಗೆರೆ ಬಿದ್ದಿತು. ಆ ಗೆರೆಯನ್ನು ವಿರೋಧಿಸಿ ನೀಲಗಿರಿಯ ವರ್ತಕರು ಅಂಗಡಿ ಮುಗ್ಗಟ್ಟುಗಳನ್ನು ಮುಚ್ಚಿದರು. ಬೆಟ್ಟದ ಬಾಗಿಲಲ್ಲಿ ನ್ಯಾಯಾಲಯವೇ ನಿಂತು ವಾಹನ ಎಣಿಸಬೇಕಾದ ಪರಿಸ್ಥಿತಿ ಏಕೆ ಬಂದಿತು, ಎಣಿಸುವುದು ನ್ಯಾಯವೇ, ಎಣಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳನ್ನು ಇಂದು ನಾವು ಸಮಾಧಾನದಿಂದ ವಿಚಾರ ಮಾಡಬೇಕಾಗಿದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳಿತು. ಜನಸಾಮಾನ್ಯರು ಊರು ಬಿಟ್ಟು ನಾಲ್ಕು ಊರು ನೋಡುವುದನ್ನು ನಾವು ದೋಷವೆಂದು ಭಾವಿಸುವುದಿಲ್ಲ. ಕೋಶ ಓದು, ದೇಶ ಸುತ್ತು ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಆಧುನಿಕ ಸಾಮೂಹಿಕ ಪ್ರವಾಸದ ಮೊದಲ ಹೆಜ್ಜೆಯೆಂದು ಇತಿಹಾಸಕಾರರು ಗುರುತಿಸುವ ಪ್ರಯಾಣವೂ ಒಂದು ಸದುದ್ದೇಶದಿಂದಲೇ ಹೊರಟಿತ್ತು. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ಎಂಬಾತ ಸುಮಾರು 500 ಜನರನ್ನು ತಲಾ ಒಂದು ಶಿಲ್ಲಿಂಗ್ ದರದಲ್ಲಿ ಲೆಸ್ಟರ್ ನಗರದಿಂದ ಲಫ್‌ಬರೋ ಪಟ್ಟಣಕ್ಕೆ ರೈಲಿನಲ್ಲಿ ಕರೆದೊಯ್ದನು. ಅವರೆಲ್ಲ ಹೊರಟದ್ದು ಪಾನನಿಷೇಧದ ಸಭೆಗೆ. ಅದುವರೆಗೆ ಸಿರಿವಂತರಿಗಷ್ಟೇ ಎಟುಕುತ್ತಿದ್ದ ವಿಹಾರ ದುಡಿಯುವ ಜನರಿಗೂ ಎಟುಕಿದ ದಿನವದು. ನಮ್ಮ ರಾಜ್ಯದಲ್ಲಿಯೂ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಗಿ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಾಗ, ಹೊಲ ಮನೆಗಳಾಚೆಗೆ ಕಾಲಿಡದಿದ್ದ ಎಷ್ಟೋ ತಾಯಂದಿರು ಮೊದಲ ಬಾರಿಗೆ ದೂರದ ಪುಣ್ಯಕ್ಷೇತ್ರಗಳನ್ನು ಕಂಡರು. ಆ ಸಂತೋಷವನ್ನು ಜನಜಂಗುಳಿ ಎಂದು ಹಳಿಯುವವರು ತಮ್ಮ ಸ್ವಂತ ವಾಹನದ ಪ್ರವಾಸವನ್ನು ಮಾತ್ರ ಸಂಸ್ಕಾರವೆಂದು ಎಣಿಸುತ್ತಾರೆ. ಅಂಥ ಇಬ್ಬಗೆಯ ನೋಟ ನಮಗೆ ಸಮ್ಮತವಲ್ಲ.

ಹಾಗಾದರೆ ತೊಡಕು ಇರುವುದೆಲ್ಲಿ? ತೊಡಕು ಇರುವುದು ಪ್ರಮಾಣದಲ್ಲಿ, ವೇಗದಲ್ಲಿ ಮತ್ತು ಲಾಭ ನಷ್ಟಗಳ ಹಂಚಿಕೆಯಲ್ಲಿ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಲೆಕ್ಕದಂತೆ 1950ರಲ್ಲಿ ಗಡಿ ದಾಟಿ ಅನ್ಯದೇಶಗಳಿಗೆ ಹೋದ ಪ್ರವಾಸಿಗರ ಸಂಖ್ಯೆ ಸುಮಾರು 2.5 ಕೋಟಿ. 2019ರ ಹೊತ್ತಿಗೆ ಅದು 146 ಕೋಟಿಗೆ ಮುಟ್ಟಿತು. ಕೊರೋನಾ ಪಿಡುಗಿನಲ್ಲಿ ಕುಸಿದ ಈ ಸಂಖ್ಯೆ 2024ರಲ್ಲಿ ಮತ್ತೆ 140 ಕೋಟಿಯ ಆಸುಪಾಸಿಗೆ ಬಂದಿತು. ಒಂದು ದೇಶದೊಳಗೇ ಸಂಚರಿಸುವವರ ಲೆಕ್ಕ ಇದರಲ್ಲಿ ಸೇರಿಲ್ಲ. ಜೆಟ್ ವಿಮಾನ, ಅಗ್ಗದ ಟಿಕೆಟ್, ಸಂಬಳಸಹಿತ ರಜೆ, ಸಾಲದ ಕಾರು, ಅಂಗೈಯಲ್ಲಿನ ಮೊಬೈಲ್, ಇವೆಲ್ಲ ಸೇರಿ ಪ್ರಯಾಣವನ್ನು ಸುಲಭಗೊಳಿಸಿದವು. ಆದರೆ ಬೆಟ್ಟದ ಒರತೆ, ಹಳೆಯ ಪಟ್ಟಣದ ಓಣಿ, ಕಾಡಿನ ಕಾಲುದಾರಿಗಳು ಅಂದು ಎಷ್ಟಿದ್ದವೋ ಇಂದೂ ಅಷ್ಟೇ ಇವೆ. 2018ರಲ್ಲಿ ಪ್ರಕಟವಾದ ಒಂದು ವೈಜ್ಞಾನಿಕ ಅಧ್ಯಯನವು ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇಕಡಾ 8ರಷ್ಟು ಪ್ರವಾಸೋದ್ಯಮದಿಂದಲೇ ಹೊಮ್ಮುತ್ತದೆಂದು ಲೆಕ್ಕ ಹಾಕಿತು. ನೋಡಲು ಹೋದ ಹಿಮಶಿಖರವನ್ನು ನೋಡುವ ಪ್ರಯಾಣವೇ ಕರಗಿಸುತ್ತಿದೆ ಎಂದಾಯಿತು.

ಊರು ಉಳಿದು ಊರಿನವರು ಹೋದಾಗ

ಪ್ರವಾಸಿಗರಿಂದಲೇ ಬದುಕುವ ಊರು ಪ್ರವಾಸಿಗರಿಂದಲೇ ಬರಿದಾಗುವುದೆಂಬುದಕ್ಕೆ ಇಟಲಿಯ ವೆನಿಸ್ ನಗರ ಕಣ್ಣೆದುರಿನ ನಿದರ್ಶನ. ನೀರಿನ ನಡುವಿನ ಆ ಹಳೆಯ ನಗರದಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1,75,000 ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ತಂಗುದಾಣಗಳಾದವು, ದಿನಸಿ ಅಂಗಡಿಗಳು ಮುಖವಾಡ ಮಾರುವ ಅಂಗಡಿಗಳಾದವು. ಮಕ್ಕಳನ್ನು ಶಾಲೆಗೆ ಕಳಿಸಬೇಕಾದ, ವೃದ್ಧರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕಾದ ಕುಟುಂಬಗಳಿಗೆ ಬಾಡಿಗೆ ತೆರಲು ಆಗಲಿಲ್ಲ. ದೊಡ್ಡ ವಿಹಾರ ಹಡಗುಗಳು ನಗರದ ಮಧ್ಯದ ಜಲಮಾರ್ಗದಲ್ಲಿ ಸಾಗುವುದನ್ನು 2021ರ ಆಗಸ್ಟ್‌ನಲ್ಲಿ ನಿಷೇಧಿಸಲಾಯಿತು. 2024ರ ಏಪ್ರಿಲ್ 25ರಿಂದ, ಆಯ್ದ 29 ದಿನಗಳಲ್ಲಿ, ರಾತ್ರಿ ತಂಗದೆ ಬಂದು ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ವಿಧಿಸಲಾಯಿತು. ಮರುವರ್ಷ ಆ ದಿನಗಳು 54 ಆದವು, ಕಡೆಯ ಗಳಿಗೆಯಲ್ಲಿ ಹೆಸರು ನೋಂದಾಯಿಸುವವರಿಗೆ ಶುಲ್ಕ 10 ಯೂರೋ ಆಯಿತು. ಆದರೆ ಶುಲ್ಕ ಕೊಟ್ಟವರೆಷ್ಟು ಜನ ಬಂದರೂ ಒಳಗೆ ಬಿಡಲಾಗುತ್ತದೆ. ಊರಿಗೆ ಪ್ರವೇಶದ ಚೀಟಿ ಬಂದಿತು, ಊರಿನವರು ಹಿಂದಿರುಗಲಿಲ್ಲ.

ಸ್ಪೇನಿನ ಬಾರ್ಸಿಲೋನಾದಲ್ಲಿ ಈ ಅಸಮಾಧಾನ ಬೀದಿಗಿಳಿಯಿತು. 2024ರ ಜುಲೈ ತಿಂಗಳಲ್ಲಿ ಅಲ್ಲಿಯ ನಿವಾಸಿಗಳು ಮೆರವಣಿಗೆ ಹೊರಟು, ಹೋಟೆಲುಗಳ ಮುಂದೆ ಕುಳಿತ ಪ್ರವಾಸಿಗರ ಮೇಲೆ ಆಟಿಕೆಯ ಪಿಚಕಾರಿಗಳಿಂದ ನೀರೆರಚಿದ ಸುದ್ದಿಯನ್ನು ಲೋಕವೆಲ್ಲ ಕಂಡಿತು. ಅತಿಥಿಯನ್ನು ಅವಮಾನಿಸುವುದು ಸರಿಯಲ್ಲ. ಆದರೆ ಅತಿಥೇಯನನ್ನು ಆ ಮಟ್ಟಕ್ಕೆ ತಂದು ನಿಲ್ಲಿಸಿದ ವ್ಯವಸ್ಥೆಯನ್ನೂ ಪ್ರಶ್ನಿಸಬೇಕಾಗುತ್ತದೆ. ಅಲ್ಪಾವಧಿಗೆ ಪ್ರವಾಸಿಗರಿಗೆ ಬಾಡಿಗೆ ಕೊಡಲು ಪರವಾನಗಿ ಪಡೆದ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲವೆಂದು ಆ ನಗರದ ಮೇಯರ್ ಅದಕ್ಕೂ ಒಂದು ತಿಂಗಳ ಮೊದಲೇ ಪ್ರಕಟಿಸಿದ್ದರು. ಮನೆ ಇರುವುದು ಮೊದಲು ವಾಸಕ್ಕೆ, ಅನಂತರ ವ್ಯಾಪಾರಕ್ಕೆ ಎಂಬ ಸರಳ ತತ್ವ ಆ ನಿರ್ಣಯದ ಹಿಂದಿದೆ.

ನಲ್ಲಿಯ ನೀರಿನ ಮೂಲ

ಇದು ಯೂರೋಪಿನ ಕಷ್ಟವೆಂದು ನಾವು ನಿರಾಳವಾಗಿ ಕೂರುವಂತಿಲ್ಲ. 2011ರ ಜನಗಣತಿಯಂತೆ ಸುಮಾರು 5.5 ಲಕ್ಷ ಜನರಿರುವ ಕೊಡಗು ಜಿಲ್ಲೆಯನ್ನೇ ನೋಡೋಣ. ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಬೆಳೆಗಾರರ ಕುಟುಂಬಗಳು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟವು. ಮನೆಯವರೊಂದಿಗೆ ಊಟ, ತೋಟದಲ್ಲಿ ಸುತ್ತಾಟ, ಅತಿಥಿಗೂ ಅತಿಥೇಯನಿಗೂ ಪರಿಚಯ, ಹೀಗೆ ಹೋಮ್‌ಸ್ಟೇ ಎಂಬುದು ಅಲ್ಲಿ ಸಂಕಟಕಾಲದ ಊರುಗೋಲಾಗಿ ಆರಂಭವಾಯಿತು. ಕ್ರಮೇಣ ಅದೇ ಹೆಸರಿನ ಅಡಿಯಲ್ಲಿ, ಮನೆಯವರೇ ಇಲ್ಲದ ಮನೆಗಳು, ಇಳಿಜಾರನ್ನು ಅಗೆದು ಕಟ್ಟಿದ ರೆಸಾರ್ಟುಗಳು ತಲೆಯೆತ್ತಿದವು. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಹೊರಡುವ ಕಾರುಗಳ ಸಾಲು ಮಡಿಕೇರಿಯ ಇಕ್ಕಟ್ಟಿನ ರಸ್ತೆಗಳಲ್ಲಿ ಸಿಲುಕಿ ನಿಲ್ಲುವುದು ಈಗ ಸುದ್ದಿಯೂ ಅಲ್ಲ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳ ಮೇಲೆ ಭೂಕುಸಿತವೆರಗಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಈ ದುರಂತಗಳಿಗೆಲ್ಲ ಪ್ರವಾಸವೇ ಕಾರಣವೆಂದು ಹೇಳುವುದು ಸತ್ಯವಾಗಲಾರದು. ಅತಿವೃಷ್ಟಿಯೇ ಅವುಗಳ ನೇರ ಕಾರಣ. ಆದರೆ ಇಳಿಜಾರನ್ನು ಕಡಿದು ರಸ್ತೆ ಮಾಡಿದಾಗ, ನೀರು ಹರಿಯುವ ಜಾಡಿನಲ್ಲಿ ಕಟ್ಟಡ ಎದ್ದಾಗ, ಅದೇ ಮಳೆ ಮಾಡುವ ಹಾನಿ ಹೆಚ್ಚುತ್ತದೆ ಎಂಬುದನ್ನು ಬಲ್ಲವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಮಾಧವ ಗಾಡ್ಗೀಳ್ ಅವರ ನೇತೃತ್ವದ ತಜ್ಞರ ಸಮಿತಿ 2011ರಲ್ಲಿಯೇ ಪಶ್ಚಿಮಘಟ್ಟಗಳ ಸೂಕ್ಷ್ಮತೆಯನ್ನು ವಲಯವಾರು ಗುರುತಿಸಿ, ಯಾವುದು ಎಲ್ಲಿ ಬೇಕು, ಬೇಡ ಎಂಬುದನ್ನು ಗ್ರಾಮಸಭೆಗಳಿಂದ ಮೊದಲುಗೊಂಡು ನಿರ್ಧರಿಸಬೇಕೆಂದು ಸಲಹೆ ನೀಡಿತ್ತು. ಅದರ ನಂತರ ಬಂದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ಆಧರಿಸಿದ ಕರಡು ಅಧಿಸೂಚನೆಯನ್ನು ಕರ್ನಾಟಕದ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ತಮ್ಮ ಹೊಲ ತೋಟಗಳಿಗೆ ತೊಂದರೆಯಾದೀತೆಂಬ ರೈತರ ಭಯ ಆಧಾರವಿಲ್ಲದ್ದಲ್ಲ. ಆದರೆ ರೈತನ ಹೆಸರಿನಲ್ಲಿ ತಡೆಯಲಾದ ನಿರ್ಬಂಧದ ಲಾಭವನ್ನು ರೆಸಾರ್ಟಿನ ಒಡೆಯನೂ ಪಡೆಯುತ್ತಿದ್ದಾನೆ ಎಂಬುದನ್ನು ಮರೆಯಲಾಗದು.

ಇಲ್ಲಿ ಇನ್ನೊಂದು ವಿಚಾರವಿದೆ. ಕೊಡಗಿಗೆ ವಿಹಾರಕ್ಕೆ ಹೋಗುವ ಬೆಂಗಳೂರಿನ ನಿವಾಸಿಯ ಮನೆಯ ನಲ್ಲಿಯಲ್ಲಿ ಬರುವ ನೀರು ಕಾವೇರಿಯದು. ಕಾವೇರಿ ಹುಟ್ಟುವುದು ಆ ಬೆಟ್ಟದಲ್ಲಿ. ಮಂಡ್ಯದ ಗದ್ದೆಗೆ ಹರಿಯುವುದೂ ಅದೇ ನೀರು. ಬೆಟ್ಟದ ಒರತೆ ಬತ್ತಿದರೆ ಮೊದಲು ಬಳಲುವವನು ಬೆಟ್ಟದ ನಿವಾಸಿ. ಆದರೆ ಕೊನೆಗೆ ಬಳಲುವವನು ಅಲ್ಲಿಗೆ ಬಂದು ಹೋದ ಅತಿಥಿಯೇ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ಪರಿತಪಿಸಿದ್ದನ್ನು ನಾವು ಕಂಡಿದ್ದೇವೆ. ಆದಕಾರಣ ಬೆಟ್ಟವನ್ನು ಕಾಯುವುದು ಪ್ರವಾಸಿಗನು ಊರಿನವರಿಗೆ ಮಾಡುವ ಉಪಕಾರವಲ್ಲ; ತನ್ನ ಮನೆಯ ಕೊಡವನ್ನು ತಾನೇ ಕಾಯ್ದುಕೊಳ್ಳುವ ವಿವೇಕ.

ಬೆಲೆ ಎಂಬ ಬಾಗಿಲು

ಜನಸಂದಣಿಯನ್ನು ಹಿಡಿತದಲ್ಲಿಡಲು ಜಗತ್ತು ಇಂದು ಮುಖ್ಯವಾಗಿ ಮೂರು ಮಾರ್ಗಗಳನ್ನು ಹಿಡಿದಿದೆ. ಮೊದಲನೆಯದು ಬೆಲೆ. ನೆರೆಯ ಭೂತಾನ 1974ರಲ್ಲಿ ಹೊರಗಿನ ಪ್ರವಾಸಿಗರಿಗೆ ಬಾಗಿಲು ತೆರೆದಂದಿನಿಂದಲೂ ಕಡಿಮೆ ಜನ, ಹೆಚ್ಚು ಮೌಲ್ಯ ಎಂಬ ನೀತಿಯನ್ನು ಅನುಸರಿಸುತ್ತಿದೆ. ದೇಶದ ಶೇಕಡಾ 60ರಷ್ಟು ಭೂಮಿ ಸದಾ ಅರಣ್ಯವಾಗಿಯೇ ಇರಬೇಕೆಂದು ಅದರ ಸಂವಿಧಾನ ವಿಧಿಸುತ್ತದೆ. ಪ್ರವಾಸಿಗರು ದಿನಕ್ಕೆ ತೆರಬೇಕಾದ ಸುಸ್ಥಿರ ಅಭಿವೃದ್ಧಿ ಶುಲ್ಕವನ್ನು 2022ರ ಸೆಪ್ಟೆಂಬರ್‌ನಲ್ಲಿ 65 ಡಾಲರಿನಿಂದ 200 ಡಾಲರಿಗೆ ಏರಿಸಲಾಯಿತು. ಬರುವವರು ವಿರಳವಾಗಿ ಹೋಟೆಲಿನವರೂ ಮಾರ್ಗದರ್ಶಕರೂ ಸಂಕಟಕ್ಕೊಳಗಾದಾಗ, ಮರುವರ್ಷ ಅದನ್ನು 100 ಡಾಲರಿಗೆ ಇಳಿಸಲಾಯಿತು. ಭಾರತೀಯರಿಗೆ ಈ ಶುಲ್ಕ ದಿನಕ್ಕೆ 1,200 ರೂಪಾಯಿ. ಆ ಹಣ ಆರೋಗ್ಯ, ಶಿಕ್ಷಣ, ಪರಿಸರ ರಕ್ಷಣೆಗೆ ವಿನಿಯೋಗವಾಗುವುದರಿಂದ ಈ ಮಾರ್ಗದಲ್ಲಿ ಒಂದು ಸತ್ವವಿದೆಯೆಂಬುದನ್ನು ಒಪ್ಪಬೇಕು.

ಆದರೆ ಈ ಮಾರ್ಗದ ಮಿತಿಯೂ ಅಷ್ಟೇ ಸ್ಪಷ್ಟ. ಬೆಲೆ ಹೆಚ್ಚಿದಾಗ ಹಿಂದೆ ಸರಿಯುವವರು ಬಡವರು. ಹೆಚ್ಚು ನೀರು, ಹೆಚ್ಚು ವಿದ್ಯುತ್ತು, ಹೆಚ್ಚು ಇಂಧನ ಬಳಸುವ ಸಿರಿವಂತರು ನಿರಾತಂಕವಾಗಿ ಬರುತ್ತಾರೆ. ಚಿಕ್ಕ ಸ್ವತಂತ್ರ ದೇಶವೊಂದಕ್ಕೆ ಹೊಂದುವ ಈ ನೀತಿಯನ್ನು ನಮ್ಮ ಬೆಟ್ಟ, ನದಿ, ಕ್ಷೇತ್ರಗಳಿಗೆ ಹಾಗೆಯೇ ತಂದರೆ, ಸಾರ್ವಜನಿಕ ಸಂಪತ್ತು ಹಣವುಳ್ಳವರ ಅಂಗಳವಾದೀತು. ತಲಕಾವೇರಿಯನ್ನು ಕಾಣುವ ಹಂಬಲ ಕೂಲಿಕಾರ ತಾಯಿಯೊಬ್ಬಳಿಗೂ ಇರುತ್ತದೆ. ಅವಳನ್ನು ತಡೆಯುವ ಬಾಗಿಲು ನ್ಯಾಯದ ಬಾಗಿಲಲ್ಲ.

ಎಣಿಕೆ ಎಂಬ ಬಾಗಿಲು

ಎರಡನೆಯ ಮಾರ್ಗ ಎಣಿಕೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಚಾರಣಿಗರು ಜಾತ್ರೆಯಂತೆ ನೆರೆದ ದೃಶ್ಯಗಳು ಹರಡಿದವು. ಅದು ಪುಷ್ಪಗಿರಿ ವನ್ಯಜೀವಿಧಾಮದ ನಡುವಿನ, ಆನೆಗಳು ಓಡಾಡುವ ಕಾಡು. ಅರಣ್ಯ ಇಲಾಖೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮುಂಗಡ ನೋಂದಣಿಯ ಪದ್ಧತಿಯನ್ನು ರೂಪಿಸಿತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಜನರೆಂಬ ಮಿತಿ ನಿಗದಿಯಾಯಿತು. ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿಗೆ ತೆರಳುವ ವಾಹನಗಳಿಗೂ 2025ರಲ್ಲಿ ಮುಂಗಡ ನೋಂದಣಿ ಬಂದಿತು. ಥಾಯ್ಲೆಂಡಿನ ಮಾಯಾ ಬೇ ಎಂಬ ಕಡಲತೀರವನ್ನು ಅಲ್ಲಿಯ ಸರ್ಕಾರ 2018ರ ಜೂನ್‌ನಿಂದ 2022ರ ಜನವರಿಯವರೆಗೆ ಪೂರ್ಣವಾಗಿ ಮುಚ್ಚಿತ್ತು. ಹವಳಗಳನ್ನು ಮತ್ತೆ ನೆಟ್ಟರು, ದೂರ ಸರಿದಿದ್ದ ಶಾರ್ಕ್ ಮೀನುಗಳು ತೀರಕ್ಕೆ ಮರಳಿದವು. ಪ್ರಕೃತಿಗೆ ಬಿಡುವು ಕೊಟ್ಟರೆ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಲೆಗೆ ಹೋಲಿಸಿದರೆ ಎಣಿಕೆ ಹೆಚ್ಚು ನ್ಯಾಯವಾದುದೆಂದು ನಾವು ಭಾವಿಸುತ್ತೇವೆ. ಮೊದಲು ಹೆಸರು ಬರೆಸಿದವನಿಗೆ ಮೊದಲ ಸರದಿ. ಅಲ್ಲಿ ಜೇಬಿನ ಭಾರ ಲೆಕ್ಕಕ್ಕೆ ಬರುವುದಿಲ್ಲ. ನೀಲಗಿರಿಯ ಆದೇಶದಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಮಿತಿ ಬಿದ್ದಿರುವುದು ಹೊರಗಿನಿಂದ ಬರುವ ವಾಹನಗಳ ಮೇಲೆ. ಸರ್ಕಾರಿ ಬಸ್ಸಿಗೆ, ರೈಲಿಗೆ ಮತ್ತು ಸ್ಥಳೀಯರ ವಾಹನಗಳಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ನ್ಯಾಯಾಲಯ ತಡೆದದ್ದು ಮನುಷ್ಯನನ್ನಲ್ಲ, ಕಾರನ್ನು. ಐವತ್ತು ಜನ ಒಂದು ಬಸ್ಸಿನಲ್ಲಿ ಬೆಟ್ಟ ಹತ್ತುವುದಕ್ಕೂ ಹತ್ತು ಹನ್ನೆರಡು ಕಾರುಗಳಲ್ಲಿ ಹತ್ತುವುದಕ್ಕೂ ರಸ್ತೆಗೆ, ಗಾಳಿಗೆ, ವಾಹನ ನಿಲ್ಲಿಸುವ ಜಾಗಕ್ಕೆ ಆಗುವ ವ್ಯತ್ಯಾಸ ಅಪಾರ. ಮೇಟುಪಾಳ್ಯಂನಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಉದಕಮಂಡಲಕ್ಕೆ 1908ರಲ್ಲಿ ತಲಪಿದ ಪುಟ್ಟ ರೈಲು ಇಂದಿಗೂ ಓಡುತ್ತಿದೆ. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯೂರೋಪಿನಲ್ಲಿಯೂ ಇದೇ ದಿಕ್ಕಿನ ಚಲನೆ ಕಾಣುತ್ತಿದೆ. ಆಸ್ಟ್ರಿಯಾದ ರೈಲ್ವೆ 2016ರಿಂದ ರಾತ್ರಿ ರೈಲುಗಳ ಜಾಲವನ್ನು ಮತ್ತೆ ವಿಸ್ತರಿಸಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಊರುಗಳ ನಡುವೆ ವಿಮಾನ ಹಾರಿಸುವುದನ್ನು ಫ್ರಾನ್ಸ್ 2023ರಲ್ಲಿ ನಿಷೇಧಿಸಿತು. ಅದರಿಂದ ನಿಂತ ಮಾರ್ಗಗಳು ಕೆಲವೇ ಆದರೂ ದಿಕ್ಕು ಸ್ಪಷ್ಟವಾಗಿದೆ.

ಆದರೆ ಸಂಖ್ಯೆಯನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನೀಲಗಿರಿಯ ಧಾರಣ ಸಾಮರ್ಥ್ಯವನ್ನು ಅಳೆಯುವ ಅಧ್ಯಯನವನ್ನು ನ್ಯಾಯಾಲಯವು ಮದ್ರಾಸಿನ ಐಐಟಿಗೂ ಬೆಂಗಳೂರಿನ ಐಐಎಂಗೂ ವಹಿಸಿತು. ನೀರೆಷ್ಟಿದೆ, ರಸ್ತೆ ಎಷ್ಟು ಹೊರಬಲ್ಲದು, ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಜ್ಞರು ಅಳೆಯಲಿ, ಅದು ಅಗತ್ಯವೇ. ಆದರೆ ಬಾಗಿಲು ಮುಚ್ಚಿದ ದಿನ ಟೀ ಅಂಗಡಿಯವನ, ಟ್ಯಾಕ್ಸಿ ಚಾಲಕನ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಒಲೆ ಹೇಗೆ ಉರಿಯಬೇಕೆಂಬುದು ಅಳತೆಪಟ್ಟಿಯಲ್ಲಿ ಸಿಗುವ ಉತ್ತರವಲ್ಲ. ಅಂಗಡಿ ಮುಚ್ಚಿ ಪ್ರತಿಭಟಿಸಿದವರ ಅಳಲನ್ನು ಕೇವಲ ಲೋಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರನ್ನು ಹೊರಗಿಟ್ಟು ಮಾಡಿದ ಎಣಿಕೆ ಹೆಚ್ಚು ಕಾಲ ಬಾಳಲಾರದು.

ಪಾಲು ಎಂಬ ಬಾಗಿಲು

ಆದ್ದರಿಂದಲೇ ಮೂರನೆಯ ಮಾರ್ಗ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಅದು ಪಾಲು. ಕೇರಳದ ವೇಂಬನಾಡು ಸರೋವರದ ದಂಡೆಯಲ್ಲಿರುವ ಕುಮರಕೋಮ್ ಗ್ರಾಮ ಇದರ ಪಾಠಶಾಲೆ. ಅಲ್ಲಿ ದೊಡ್ಡ ಹೋಟೆಲುಗಳು ಬಂದಾಗ ಊರಿನವರಿಗೆ ಉಳಿದದ್ದು ಕಲುಷಿತ ನೀರು, ಮಾರಾಟವಾಗಿ ಬೀಳುಬಿದ್ದ ಗದ್ದೆ ಮತ್ತು ಅಸಮಾಧಾನ. ಹೋಟೆಲಿನ ಅಡುಗೆಮನೆಗೆ ತರಕಾರಿ ದೂರದ ಪೇಟೆಗಳಿಂದ ಬರುತ್ತಿತ್ತು. 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗಕ್ಕೆ ಕೇರಳ ಸರ್ಕಾರ ಆಯ್ದುಕೊಂಡ ಸ್ಥಳಗಳಲ್ಲಿ ಕುಮರಕೋಮ್ ಕೂಡ ಒಂದಾಗಿತ್ತು. ಗ್ರಾಮ ಪಂಚಾಯಿತಿ ಮಧ್ಯೆ ನಿಂತಿತು. ಕುಟುಂಬಶ್ರೀ ಮಹಿಳಾ ಗುಂಪುಗಳು ಬೀಳು ಭೂಮಿಯಲ್ಲಿ ಮತ್ತೆ ಬೆಳೆ ತೆಗೆದು ಹೋಟೆಲುಗಳಿಗೆ ತರಕಾರಿ ಮುಂತಾದವನ್ನು ಪೂರೈಸತೊಡಗಿದವು. ಬೆಲೆ ನಿಗದಿಗೆ ಒಂದು ಸಮಿತಿಯಾಯಿತು. ಹಗ್ಗ ಹೊಸೆಯುವುದನ್ನು, ತೆಂಗಿನ ಗರಿ ಹೆಣೆಯುವುದನ್ನು, ಮೀನು ಹಿಡಿಯುವುದನ್ನು ನೋಡಲು ಬರುವ ಅತಿಥಿಗಳಿಂದ ಆ ಕೆಲಸ ಮಾಡುವವರಿಗೇ ಹಣ ಸಂದಿತು. ಈ ಪ್ರಯೋಗ ರಾಜ್ಯದ ಇತರೆಡೆಗೂ ಹಬ್ಬಿ, 2017ರಲ್ಲಿ ಅದಕ್ಕಾಗಿಯೇ ಒಂದು ಮಿಷನ್ ಸ್ಥಾಪನೆಯಾಯಿತು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಈ ಕಾರ್ಯಕ್ಕೆ ಪ್ರಶಸ್ತಿಯನ್ನೂ ನೀಡಿತು.

ಕುಮರಕೋಮ್‌ನಲ್ಲಿ ಎಲ್ಲ ಸಮಸ್ಯೆಗಳೂ ತೀರಿದವೆಂದಲ್ಲ; ದೋಣಿಮನೆಗಳ ತ್ಯಾಜ್ಯ ವೇಂಬನಾಡನ್ನು ಇಂದಿಗೂ ಕಾಡುತ್ತಿದೆ. ಆದರೂ ಅಲ್ಲಿಂದ ಕಲಿಯಬೇಕಾದ ಪಾಠ ದೊಡ್ಡದು. ಪ್ರವಾಸದ ಹಣ ಊರಿನಲ್ಲಿಯೇ ಉಳಿದರೆ, ಕಡಿಮೆ ಜನ ಬಂದರೂ ಊರು ಬದುಕುತ್ತದೆ. ಹಣ ಹೊರಗೆ ಹರಿದುಹೋಗುವಲ್ಲಿ ಮಾತ್ರ, ಇನ್ನಷ್ಟು ಜನ ಬರಲಿ, ಇನ್ನಷ್ಟು ಕಾರು ಬರಲಿ ಎಂಬ ತೀರದ ಹಸಿವು ಹುಟ್ಟುತ್ತದೆ. ನೂರು ಅತಿಥಿಗಳಿಂದ ತಲಾ ಹತ್ತು ರೂಪಾಯಿ ಊರಿಗೆ ದಕ್ಕುವುದಕ್ಕಿಂತ, ಇಪ್ಪತ್ತು ಅತಿಥಿಗಳಿಂದ ತಲಾ ಐವತ್ತು ರೂಪಾಯಿ ದಕ್ಕುವುದು ಊರಿಗೂ ಹಿತ, ಬೆಟ್ಟಕ್ಕೂ ಹಿತ. ಎಣಿಕೆಯ ಮಿತಿಯನ್ನು ಊರಿನವರು ಮನಸಾರೆ ಒಪ್ಪಬೇಕಾದರೆ ಮೊದಲು ಪಾಲಿನ ನ್ಯಾಯ ನೆರವೇರಬೇಕು. ಈ ಎರಡನ್ನು ಬೇರೆ ಬೇರೆಯಾಗಿ ನೋಡಿದ್ದೇ ಇಂದಿನ ನೀತಿಗಳ ದೋಷವೆಂದು ನಮ್ಮ ಅಭಿಪ್ರಾಯ.

ಹೆಸರಿಗೆ ಮರುಳಾಗುವುದೂ ಬೇಡ. ಇಂದು ಮಾರುಕಟ್ಟೆಯಲ್ಲಿ ‘ಇಕೋ’ ಎಂಬ ಎರಡಕ್ಷರ ಅಂಟಿಸಿಕೊಳ್ಳದ ರೆಸಾರ್ಟೇ ವಿರಳ. ಬಿದಿರಿನ ಕುರ್ಚಿ, ಮಣ್ಣಿನ ಬಣ್ಣದ ಗೋಡೆ ಇದ್ದಮಾತ್ರಕ್ಕೆ ಅದು ಪರಿಸರಸ್ನೇಹಿಯಾಗುವುದಿಲ್ಲ. ಈಜುಕೊಳಕ್ಕೆ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಕೆಲಸಗಾರರಲ್ಲಿ ಊರಿನವರೆಷ್ಟು, ಅಕ್ಕಿ ತರಕಾರಿ ಯಾರ ಹೊಲದ್ದು ಎಂಬ ನಾಲ್ಕು ಪ್ರಶ್ನೆ ಕೇಳಿದರೆ ಸತ್ಯ ತಾನಾಗಿ ಹೊರಬೀಳುತ್ತದೆ. ಆ ಪ್ರಶ್ನೆ ಕೇಳುವ ಹಕ್ಕು ಹಣ ಕೊಡುವ ಪ್ರತಿಯೊಬ್ಬ ಅತಿಥಿಗೂ ಇದೆ.

ಯಾತ್ರೆಯ ಮಾತು

ಪ್ರವಾಸಿಗರ ಕುರಿತು ಇಷ್ಟೆಲ್ಲ ಹೇಳಿ ಯಾತ್ರಿಕರನ್ನು ಬಿಟ್ಟುಬಿಟ್ಟರೆ ವಿಚಾರ ಅಪೂರ್ಣವಾಗುತ್ತದೆ. ನಮ್ಮ ನಾಡಿನಲ್ಲಿ ಅತಿ ಹೆಚ್ಚು ಜನ ಸಂಚರಿಸುವುದು ಕ್ಷೇತ್ರದರ್ಶನಕ್ಕಾಗಿಯೇ. ಯುಗಾದಿಯ ಮುನ್ನಾದಿನಗಳಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಭಾಗಗಳಿಂದ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರ ಪರಂಪರೆ ದೀರ್ಘವಾದುದು. ದಾರಿಯ ಹಳ್ಳಿಗಳವರು ಅವರಿಗೆ ಅನ್ನ, ಮಜ್ಜಿಗೆ, ನೆರಳು ಕೊಡುತ್ತಾರೆ. ಪಾದಯಾತ್ರಿಕನು ಇಂಧನ ಸುಡುವುದಿಲ್ಲ, ದಾರಿಯಲ್ಲಿ ಯಾರ ಮನೆಯನ್ನೂ ಖಾಲಿ ಮಾಡಿಸುವುದಿಲ್ಲ. ಇಂದು ಪಾಶ್ಚಾತ್ಯರು ಮಂದಗತಿಯ ಪ್ರವಾಸವೆಂದು ಹೊಸದಾಗಿ ಹೆಸರಿಡುತ್ತಿರುವುದು ನಮ್ಮ ರೈತಾಪಿ ಜನ ತಲೆಮಾರುಗಳಿಂದ ಬಲ್ಲ ನಡಿಗೆಯೇ.

ಆದರೆ ಆ ನಡಿಗೆಯ ದಾರಿ ಹುಲಿಗಳ ನೆಲೆಯಾದ ನಲ್ಲಮಲ ಅರಣ್ಯದ ಮೂಲಕ ಹಾದುಹೋಗುತ್ತದೆ. ಮಜ್ಜಿಗೆಯ ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ, ಊಟದ ತಟ್ಟೆಗಳು ಕಾಡಿನಲ್ಲಿ ಉಳಿದರೆ, ದಾಸೋಹದ ಪುಣ್ಯಕಾರ್ಯವೇ ಮೂಕಪ್ರಾಣಿಗಳ ಹೊಟ್ಟೆಗೆ ವಿಷವಾಗುತ್ತದೆ. ನದಿಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟು ಬರುವ ರೂಢಿಯೂ ಹಾಗೆಯೇ. ತೀರ್ಥಕ್ಷೇತ್ರಗಳಲ್ಲಿ ಜಲಮೂಲಗಳ 500 ಮೀಟರ್ ವ್ಯಾಪ್ತಿಯಲ್ಲಿ ಸಾಬೂನು, ಶಾಂಪೂ ಮಾರಾಟವನ್ನು ತಡೆಯಬೇಕೆಂದೂ ಭಕ್ತರು ಬಟ್ಟೆಗಳನ್ನು ನೀರಿಗೆ ಬಿಡದಂತೆ ನೋಡಿಕೊಳ್ಳಬೇಕೆಂದೂ ರಾಜ್ಯದ ಅರಣ್ಯ ಸಚಿವರು 2025ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಸೂಚಿಸಿದರು. ಸರ್ಕಾರ ಸೂಚಿಸಬೇಕಾಗಿ ಬಂದದ್ದೇ ನಮಗೆಲ್ಲರಿಗೂ ಸಂಕೋಚದ ಸಂಗತಿ. ನದಿಯನ್ನು ಮಲಿನಗೊಳಿಸಿ ಪಡೆಯುವ ಪುಣ್ಯ ಯಾವುದು?

ಮುಂದೇನು?

ಇನ್ನು ಮುಂದೆ ಆಗಬೇಕಾದುದನ್ನು ಹೇಳುವುದಾದರೆ, ಸರ್ಕಾರವು ಪ್ರವಾಸೋದ್ಯಮದ ಯಶಸ್ಸನ್ನು ಬಂದವರ ತಲೆ ಎಣಿಸಿ ಅಳೆಯುವುದನ್ನು ಬಿಡಬೇಕು. ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ಹಣ ಆ ಊರಿನಲ್ಲಿಯೇ ಉಳಿಯಿತು, ಆ ಬೇಸಿಗೆಯಲ್ಲಿ ಊರಿನ ಬಾವಿಗಳಲ್ಲಿ ನೀರಿತ್ತೇ, ಕಸ ಎಲ್ಲಿ ಸೇರಿತು ಎಂಬುದು ವಾರ್ಷಿಕ ವರದಿಯಲ್ಲಿ ಬರಬೇಕು. ಗಿರಿಧಾಮಗಳಿಗೆ ಕಾರಿನ ಮಿತಿ ಹಾಕುವ ದಿನವೇ ಸಾಕಷ್ಟು ಸರ್ಕಾರಿ ಬಸ್ಸುಗಳನ್ನು ಬಿಡಬೇಕು. ಇಲ್ಲವಾದರೆ ಮಿತಿ ಎಂಬುದು ಬಡವನಿಗೆ ಮಾತ್ರ ಶಿಕ್ಷೆಯಾಗುತ್ತದೆ. ಮನೆಯವರು ವಾಸವಾಗಿರುವ ಮನೆಗೆ ಮಾತ್ರ ಹೋಮ್‌ಸ್ಟೇ ಎಂಬ ಹೆಸರು ಸಲ್ಲಬೇಕು. ಮಿತಿಯ ಸಂಖ್ಯೆಯನ್ನು ತಜ್ಞರ ಅಳತೆಯ ಆಧಾರದ ಮೇಲೆ ಗ್ರಾಮಸಭೆಯಲ್ಲಿ ಚರ್ಚಿಸಿ ನಿರ್ಧರಿಸಬೇಕು. ಪ್ರವೇಶದ ಹಣದಲ್ಲಿ ಒಂದು ನಿಶ್ಚಿತ ಭಾಗ ಆ ಪಂಚಾಯಿತಿಗೆ ಸೇರಬೇಕು. ಪಂಚಾಯಿತಿಗಳಲ್ಲಿಯೂ ಲೋಭ ಇರಬಹುದು, ರೆಸಾರ್ಟಿನ ಹಣ ಅಲ್ಲಿಯೂ ಮಾತಾಡಬಹುದು. ಆದರೆ ಒರತೆ ಬತ್ತಿದಾಗ ಕೊಡ ಹೊತ್ತು ಮೈಲಿ ನಡೆಯಬೇಕಾದ ಹೆಂಗಸು ಕುಳಿತಿರುವ ಸಭೆಯದು. ಅವಳ ಮಾತು ದಾಖಲಾಗುವ ಜಾಗ ಬೇರೊಂದಿಲ್ಲ.

ಮಠ, ದೇವಾಲಯ, ಕ್ಷೇತ್ರಗಳ ಹೊಣೆಯೂ ಕಡಿಮೆಯಲ್ಲ. ಜಾತ್ರೆ, ಉತ್ಸವ, ದಾಸೋಹಗಳಲ್ಲಿ ಪ್ಲಾಸ್ಟಿಕ್ ಬದಲಿಗೆ ಮುತ್ತುಗದ ಎಲೆ, ತೊಳೆದು ಬಳಸುವ ತಟ್ಟೆ ಲೋಟಗಳು ಬರಲಿ. ಭಕ್ತರು ಒಂಟಿ ಕಾರುಗಳಲ್ಲಿ ಬರುವ ಬದಲು ಊರಿಗೊಂದು ಬಸ್ಸು ಮಾಡಿಕೊಂಡು ಬರುವಂತೆ ಪ್ರೇರಣೆ ದೊರೆಯಲಿ.

ಇನ್ನು ಓದುಗರಲ್ಲಿ ನಮ್ಮ ವಿನಂತಿ ಸರಳವಾದುದು. ವರ್ಷಕ್ಕೆ ಆರು ಊರುಗಳನ್ನು ಓಡೋಡಿ ನೋಡುವ ಬದಲು ಎರಡು ಊರುಗಳಲ್ಲಿ ನಾಲ್ಕು ದಿನ ನಿಂತು ನೋಡಿ. ಬಸ್ಸು, ರೈಲು ಇರುವಲ್ಲಿಗೆ ಅವುಗಳಲ್ಲಿಯೇ ಹೋಗಿ. ಎಲ್ಲರೂ ಹೋಗುವ ರಜೆಯ ದಿನಗಳನ್ನು ಸಾಧ್ಯವಾದರೆ ಬಿಟ್ಟು ಹೋಗಿ. ಉಳಿದುಕೊಳ್ಳುವ ಮನೆಯ ಒಡೆಯರು ಆ ಊರಿನವರೇ ಎಂದು ವಿಚಾರಿಸಿ. ಹೊತ್ತೊಯ್ದದ್ದನ್ನು ಹೊತ್ತೇ ಹಿಂತಿರುಗಿ. ಮಿತಿ ತುಂಬಿದೆ, ಇಂದು ಅವಕಾಶವಿಲ್ಲ ಎಂಬ ಉತ್ತರ ಬಂದ ದಿನ ಕೋಪಿಸಿಕೊಳ್ಳದೆ ಇನ್ನೊಂದು ದಿನಕ್ಕೆ ಹೆಸರು ಬರೆಸಿ. ಅಂದು ಬೆಟ್ಟ ಹತ್ತದೆ ಉಳಿದವರ ಪಾಲಿನ ನೀರು ಹಳ್ಳವಾಗಿ, ಹೊಳೆಯಾಗಿ, ತಿಂಗಳುಗಳ ನಂತರ ಅವರದೇ ಮನೆಯ ನಲ್ಲಿಗೆ ಬರುತ್ತದೆ.